ನೋಡುವಂಥದ್ದು ಏನಿದೆ

ಡಿಸೆಂಬರ್ ಇಪ್ಪತ್ತೈದು ದಾಟಿತೆಂದರೆ ನಮ್ಮ ಲಾಡ್ಜು ತುಂಬುತ್ತದೆ.
ಗೋವೆಯಲ್ಲಿ ಉಕ್ಕಿದ್ದು ಇಲ್ಲಿಗೆ ಬಂದು ನಿಲ್ಲುತ್ತದೆ,
ಲೋಟ ತುಂಬಿದ ಚಹಾ ಬಸಿಗೆ ಇಳಿದ ಹಾಗೆ.
ಪಾಳೊಳೆಯಲ್ಲಿ ಮಂಚವಿಲ್ಲ, ಮಡಗಾಂವಿನಲ್ಲಿ ನೆಲವೂ ಇಲ್ಲ,
ರಾತ್ರಿ ಹನ್ನೊಂದಕ್ಕೆ ಮಂದಿಗೆ
ಕಾರವಾರ ಎಂಬುದೊಂದಿದೆ ಎಂದು ನೆನಪಾಗುತ್ತದೆ.

ಆಧಾರ್ ಕಾರ್ಡು ಮೇಜಿನ ಮೇಲೆ ಸರಿಸುತ್ತ
ಎಲ್ಲರೂ ಕೇಳುವುದು ಅದನ್ನೇ:
ಬಂದದ್ದಾಯಿತು, ಇಲ್ಲಿ ನೋಡುವಂಥದ್ದು ಏನಿದೆ?

ಜೆರಾಕ್ಸ್ ಬಿಸಿಯಾಗುವುದರೊಳಗೆ ಹೇಳಿ ಮುಗಿಸುತ್ತೇನೆ.
ಕಡಲದಂಡೆಯಲ್ಲಿ ಯುದ್ಧದ ಹಡಗುಂಟು,
ನೀರು ಮರೆತು ಕಾಂಕ್ರೀಟಿನ ಮೇಲೆ ಕೂತಿದೆ,
ಒಳಗೆ ಗೊಂಬೆ ನಾವಿಕರು, ಮುಟ್ಟಬೇಡಿ.
ಸದಾಶಿವಗಡ ಹತ್ತಿದರೆ ಕಾಳಿ ಕಡಲಿಗೆ ಸೇರುವುದು ಕಾಣುತ್ತದೆ.
ಹಳೆ ಸೇತುವೆ ಬಿದ್ದ ಜಾಗವನ್ನೂ ನೋಡಬಹುದು,
ಹೊಸದರ ಮೇಲೆ ನಿಂತು. ಗಾಡಿ ನಿಲ್ಲಿಸಿದರೆ ಪೊಲೀಸರು ಬೈಯುತ್ತಾರೆ.
ಬೈತಖೋಲದಲ್ಲಿ ಬೆಳಿಗ್ಗೆ ಮೀನಿನ ಹರಾಜು,
ಬಿಳಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ.
ಭಾನುವಾರವಾದರೆ ಸಂತೆ.
ಅರ್ಗಾದ ಕಡೆ ಹೋದರೆ ನೌಕಾನೆಲೆಯ ಗೋಡೆ,
ಬಹಳ ಉದ್ದ. ಗೋಡೆಯನ್ನಷ್ಟೇ ನೋಡಿ, ಫೋಟೋ ಬೇಡ.
ದೇವಗಡದ ದೀಪಸ್ತಂಭ ಇಲ್ಲಿಂದಲೇ ಚೆಂದ.
(ನಾನೂ ಇಲ್ಲಿಂದಲೇ ನೋಡಿದ್ದು, ಮೂವತ್ತೊಂದು ವರ್ಷ.)

ಆ ಸಲ ಬಂದವರು ರೋಣದ ಕಡೆಯವರು,
ಶಂಕ್ರಪ್ಪ ಬಳಿಗೇರ, ಹೆಂಡತಿ ನೀಲವ್ವ, ಇನ್ನೂರಾನಾಲ್ಕು.
ಪಟ್ಟಿಯನ್ನು ಬಿಲ್ಲಿನ ಬೆನ್ನಿಗೆ ಬರೆಸಿಕೊಂಡು,
ಮಡಚಿ ಜೇಬಿಗಿಟ್ಟು ಹೋದವರು
ಮರುದಿನ ದೀಪ ಹತ್ತುವ ಹೊತ್ತಿಗೆ ಬಂದರು.
ಪ್ಯಾಂಟು ಮೊಣಕಾಲತನಕ ಒದ್ದೆ. ಕೈಯಲ್ಲಿ
ಸೋರುವ ಪ್ಲಾಸ್ಟಿಕ್ ಚೀಲ.

ಹಡಗು ನೋಡಿದಿರಾ? ಇಲ್ಲ.
ಗಡ? ಮೊಣಕಾಲು ನೋವು, ನೀಲವ್ವ ಒಲ್ಲೆ ಅಂದಳು.
'ಕೋಡಿಬಾಗದಾಗ ನೀರು ಇಳಿದಿತ್ರೀ.
ಒಬ್ಬ ಹೆಣಮಗಳು ಕೆಸರಾಗ ನಿಂತು
ಕಾಲಿಲೇ ಏನೋ ಹುಡುಕಾಕ ಹತ್ತಿದ್ಳು,
ಹೆಬ್ಬೆರಳಿಲೇ ಒತ್ತೋದು, ಬಗ್ಗೋದು, ತಗೀಯೋದು,
ಕಣ್ಣು ಮಾತ್ರ ಎಲ್ಲೋ ದೂರ.
ಒಂದ ತಾಸು ನೋಡ್ಕೋತ ನಿಂತ್ವಿ.
ಅಷ್ಟೊತ್ತು ನೋಡಿ ಬರಿಗೈಲೇ ಹೆಂಗ ಬರೋದು?'

ಚೀಲದೊಳಗೆ ತಿಸ್ರೆ, ಎರಡು ಬೊಗಸೆ.
ಎಷ್ಟಕ್ಕೆ ಕೊಟ್ಟಳು?
'ನಾಕನೂರು. ಪಾಪ, ಭಾಳ ಕಷ್ಟದ ಕೆಲಸ.'

ನೂರಕ್ಕೊಂದು ಪಾಲು, ಇಡೀ ಊರಿಗೆ ಗೊತ್ತು.
ಹಸಿರು ಸೀರೆ, ಎಡಗೈಗೆ ರಬ್ಬರಿನ ಬಳೆಯಾ ಎಂದು ಕೇಳಲಿಲ್ಲ.
ಕಾಳಿಯಲ್ಲಿ ಹೆಬ್ಬೆರಳಿನಿಂದ ನೋಡುವವರು ಬಹಳ ಮಂದಿ ಇದ್ದಾರೆ.
ಕಣ್ಣು ದೂರವಿಟ್ಟು ದರ ಹೇಳುವವಳು ಒಬ್ಬಳೇ,
ನನ್ನ ಆಯಿ.

'ನಾವು ಇವನ್ನ ತಿನ್ನಾಂಗಿಲ್ಲ,' ಎಂದಳು ನೀಲವ್ವ ಮೆಲ್ಲಗೆ,
'ಜೀವ ಅದಾವೇನು?'

ಸ್ನಾನದ ಬಕೆಟ್ ಕೊಟ್ಟೆ, ಅಡುಗೆಮನೆಯಿಂದ ಹಿಡಿ ಉಪ್ಪು.
ನೀರಲ್ಲಿಡಿ, ಮರಳು ಉಗುಳುತ್ತವೆ ಎಂದೆ.
ಗಂಡ ಹೆಂಡತಿ ಬಕೆಟ್ಟಿನ ಆಚೀಚೆ ಕುಕ್ಕರುಗಾಲಲ್ಲಿ ಕೂತು
ಯಾವುದು ಮೊದಲು ಬಾಯಿ ಬಿಡುತ್ತದೆಂದು ಕಾದರು,
ಟಿವಿ ಹಾಕಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಫೋನು ಬಂತಂತೆ,
ಗೋವೆಯಲ್ಲಿ ರೂಮು ಖಾಲಿಯಾಗಿದೆ.
ಬೀಗದ ಕೈ ಕೊಟ್ಟು ಹೋದರು, ಅವಸರದಲ್ಲಿ
ಹಲ್ಲುಜ್ಜುವ ಬ್ರಷ್ಷೂ ಮರೆತರು.
ಬಕೆಟ್ ಮಾತ್ರ ಕೆಳಗೆ ತಂದು ನನ್ನ ಕಾಲ ಬಳಿ ಇಟ್ಟಿದ್ದರು,
ಮೇಲೆ ಲಾಡ್ಜಿನ ಟವೆಲ್ ಮುಚ್ಚಿ.

ಬೆಳಗಾಗುವತನಕ ಕೌಂಟರಿನ ಕೆಳಗೆ ಸದ್ದು.
ಟಿಕ್.
ಬಹಳ ಹೊತ್ತಿನ ಮೇಲೆ ಇನ್ನೊಂದು.
ಯಾರೋ ಅತಿ ಸಣ್ಣ ಕೋಣೆಯ ಬಾಗಿಲು ತೆಗೆದು
ಹೊರಗೆ ಇಣುಕಿದ ಹಾಗೆ.

ಪಾಳಿ ಮುಗಿಸಿ ಬಕೆಟ್ ಹಿಡಿದು ಕೋಡಿಬಾಗಕ್ಕೆ ಹೋದೆ.
ಆಯಿ ಆಗಲೇ ನೀರಿಗೆ ಇಳಿದಿದ್ದಳು.
ಬಗ್ಗಿ ನೋಡಿದಳು. ಕೈ ಹಾಕಿ ತಿರುವಿದಳು.
ತನ್ನವೇ ಎಂದು ಹೇಗೆ ತಿಳಿಯಿತೋ,
'ಉಪ್ಪು ಹೆಚ್ಚಾಗಿದೆ' ಎಂದು ನನ್ನನ್ನೇ ಬೈದು
ತನ್ನ ಬುಟ್ಟಿಗೆ ಸುರಿದುಕೊಂಡಳು.

ಸೇತುವೆಯ ಮೇಲೆ ಗೋವೆಗೆ ಹೋಗುವ ಗಾಡಿಗಳ ಸಾಲು.
ಕೆಳಗೆ ಕಾಲುದಾರಿಯಲ್ಲಿ ಯಾರೋ ಇಬ್ಬರು,
ಹೊಸಬರು, ನಿಂತು ನೋಡುತ್ತಿದ್ದರು.
ಆಯಿ ಸೆರಗು ಸಿಕ್ಕಿಸಿ ಕಣ್ಣು ದೂರ ಇಟ್ಟಳು.